ಗುಂಡುಸೂಜಿಯ ತುಕ್ಕು

ಮೇಜಿನ ನಡುವೆ ಕಂಪ್ಯೂಟರು. ಅದರ ನೆತ್ತಿಯಿಂದ ತುಸು ಹಿಂದಕ್ಕೆ ಸರಿದ ಬಿಳಿಯ ಕ್ರೋಶಾ ಹೊದಿಕೆ, ನೋಡಲು ಬಂದವರೆದುರು ಕೂತ ಹೆಣ್ಣಿನ ಸೆರಗಿನ ಹಾಗೆ. ಪರದೆಯ ಮೇಲಂಚಿಗೆ ಮಹಾನವಮಿಯಂದು ಎಳೆದ ವಿಭೂತಿಯ ಮೂರು ಗೆರೆಗಳಲ್ಲಿ ಈಗ ನಡುವಿನದೊಂದೇ ಉಳಿದಿದೆ. ಎಡಕ್ಕೆ, ತಟ್ಟೆ ಮುಚ್ಚಿದ ಸ್ಟೀಲಿನ ಲೋಟ. ಬಲಕ್ಕೆ, ಗುಂಡುಸೂಜಿ ತುಂಬಿದ ಗಾಜಿನ ಬಟ್ಟಲು. ಅದಕ್ಕೆ ಒರಗಿದಂತೆ, ಮುಚ್ಚಳ ಅಂಟಿಕೊಂಡು ವರ್ಷದಿಂದ ತೆರೆಯದ ಕೆಂಪು ಶಾಯಿಯ ದೌತಿ. ಮೂಡಣ ಕಿಟಕಿಯಿಂದ ಬಂದ ಮಾಘದ ಬಿಸಿಲು ಮೇಜಿನ ಅರ್ಧದವರೆಗೆ ಬಂದು ಅಲ್ಲೇ ನಿಂತಿದೆ, ಮುಂದೆ ಬರಲು ಯಾರದೋ ಅಪ್ಪಣೆ ಬೇಕೆಂಬಂತೆ. ಎದುರು ಗೋಡೆಯಲ್ಲಿ ಬಾಗಿಲು. ಅದು ತಾನಾಗಿ ಮುಚ್ಚಿಕೊಳ್ಳಲೆಂದು ಚೌಕಟ್ಟಿಗೂ ಕದಕ್ಕೂ ಸೇರಿಸಿ ಮೊಳೆ ಹೊಡೆದ ಸೈಕಲ್ ಟ್ಯೂಬಿನ ಪಟ್ಟಿ. ಯಾವುದೂ ಅಲುಗುತ್ತಿಲ್ಲ. ಇನ್ನೂ ಚಾಲೂ ಮಾಡದ ಪರದೆಯ ಕಪ್ಪಿನೊಳಗೆ ಕಿಟಕಿಯ ಆರು ಸರಳುಗಳು ಮೂಡಿವೆ. ಮೂರನೆಯ ಮತ್ತು ನಾಲ್ಕನೆಯ ಸರಳಿನ ನಡುವೆ ಒಂದು ಬೋಳುತಲೆ, ಒಂದು ಕನ್ನಡಕ. ತುಸು ಹೊತ್ತು ನೋಡಿದರೆ ಮಾತ್ರ ಆ ಕನ್ನಡಕದ ಹಿಂದೆ ಒಬ್ಬ ಮನುಷ್ಯನಿದ್ದಾನೆಂದೂ, ಅವನು ಅರ್ಧ ಗಂಟೆಯಿಂದ ಒಂದು ಗುಂಡಿ ಒತ್ತಲು ಹೆದರಿ ಕೂತಿದ್ದಾನೆಂದೂ ತಿಳಿಯುತ್ತದೆ.

ಗುರುಪುತ್ರಪ್ಪನಿಗೆ ಅರವತ್ತೊಂದು. ಖಾನಾಪುರದ ಬಸ್ ನಿಲ್ದಾಣದ ಎದುರು, ಪಾತ್ರೆ ಅಂಗಡಿಯ ಮೇಲಿನ ಈ ಒಂಟಿ ಕೋಣೆಯಲ್ಲಿ ಬಳಗದವರ ವಧೂವರ ಮಾಹಿತಿ ಕೇಂದ್ರದ ಶಾಖೆ ಶುರುವಾದ ದಿನದಿಂದ ಅದರ ಗುಮಾಸ್ತ ಅವನೇ, ಕಸ ಗುಡಿಸುವವನೂ ಅವನೇ. ಮೂವತ್ತೈದು ವರ್ಷಗಳಲ್ಲಿ ಎಷ್ಟು ಮನೆಗಳ ಬಾಗಿಲಿಗೆ ತೋರಣ ಕಟ್ಟಿಸಿದನೋ ಅವನಿಗೇ ಲೆಕ್ಕವಿರಲಿಲ್ಲ. ಅವನ ಪೀರನವಾಡಿಯ ಮನೆಯ ಬಾಗಿಲಿಗೆ ಮಾತ್ರ ತೋರಣ ಕಂಡಿರಲಿಲ್ಲ. ಹೂ ಮಾರುವವಳ ತಲೆ ಬರಿದು ಎಂಬ ಮಾತಿನಿಂದ ಹಿಡಿದು ಇದರ ಬಗ್ಗೆ ತಾಲೂಕಿನಲ್ಲಿ ಹುಟ್ಟಬಹುದಾದ ಚೇಷ್ಟೆಗಳೆಲ್ಲ ಹುಟ್ಟಿ, ಹಳತಾಗಿ, ಸತ್ತೂ ಹೋಗಿದ್ದವು. ಹೊಸದೊಂದು ಹುಟ್ಟುವ ಸಂಭವವಿಲ್ಲವೆಂದು ಅವನು ನೆಮ್ಮದಿಯಿಂದಿದ್ದ. ನಿನ್ನೆ ಸಂಜೆ ಬೆಳಗಾವಿಯ ಮುಖ್ಯ ಕಚೇರಿಯಿಂದ ವಿನಯ ಫೋನು ಮಾಡುವವರೆಗೆ. ಅಲ್ಲಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ವಿನಯ ಒಳ್ಳೆಯವನು. ಅದೇ ತೊಂದರೆ, ಒಳ್ಳೆಯವರ ನಗೆಗೆ ಸಿಟ್ಟಾಗುವಂತಿಲ್ಲ.

"ಕಾಕಾ, ಅಭಿನಂದನ್ರಿ. ನೀವು ಇನ್ನೂ ಚಾಲ್ತಿ ವರ ಅದೀರಿ."

"ಏನಂದಿ?"

"ವಯಸ್ಸು ಅರವತ್ತೊಂದು. ಅವಿವಾಹಿತ. ಸ್ಥಿತಿ ಚಾಲ್ತಿ. ಫೋಟೋದಾಗ ಮೀಸಿ ಭಾಳ ಜೋರ್ ಐತ್ರಿ. ಅಪೇಕ್ಷಾ ಕಾಲಮ್ ಓದಲೇನು?"

"ಬ್ಯಾಡ."

ವಿನಯ ಓದಿದ. "ಕವಿತೆ ಓದುವವರಾಗಿದ್ದರೆ ಸಂತೋಷ. ಅರ್ಥವಾಗಬೇಕೆಂಬ ಒತ್ತಾಯವಿಲ್ಲ."

ಫೋನಿನ ಆ ತುದಿಯಲ್ಲಿ ಇನ್ನೂ ಇಬ್ಬರು ಮೂವರು ನಕ್ಕದ್ದು ಕೇಳಿಸಿತು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಮೂರು ಕರಡು ಹರಿದು ಹಾಕಿ, ನಾಲ್ಕನೆಯ ಸಲ ದುಂಡಗೆ ಬರೆದ ಎರಡು ವಾಕ್ಯ. ಬರೆದವನ ಹೊರತು ಯಾರೂ ಓದಿರದ ಆ ವಾಕ್ಯಗಳು ಈಗ ಬೆಳಗಾವಿಯಲ್ಲಿ, ಹುಬ್ಬಳ್ಳಿಯಲ್ಲಿ, ವಿಜಯಪುರದಲ್ಲಿ, ಹದಿನೇಳು ಶಾಖೆಗಳ ಹದಿನೇಳು ಪರದೆಗಳಲ್ಲಿ ಒಂದೇ ಸಲಕ್ಕೆ ತೆರೆದುಕೊಳ್ಳಬಲ್ಲವು. ವಿನಯ ಆಮೇಲೆ ಹೇಳಿದ ಮಾತಿಗೇ ಅವನಿಗೆ ರಾತ್ರಿಯೂಟ ಸೇರಲಿಲ್ಲ. "ಇನ್ನೊಂದೈತ್ರಿ ಕಾಕಾ. ನಿಮ್ಮದರ ಹಿಂದಿನ ನಂಬರು, ಬಸವಣ್ಣೆವ್ವ ಈರಣ್ಣ, ಪಾರಿಶ್ವಾಡ. ನನ್ನ ಹೆಸರು ತಗೀರಿ ಅಂತ ತಕರಾರು ಬಂದೈತಿ. ಯಾವ ಶಾಖಾದಿಂದ ಫಾರಂ ಬಂದೈತಿ, ಆ ಶಾಖಾದಿಂದನ ತಗೀಬೇಕು. ನಾಳೆ ಮುಂಜಾನೆ ಅವರು ನಿಮ್ಮ ಕಡೆ ಬರ್ತಾರ. ಹಾಂ, ಎರಡೂ ಫಾರಮಿಗೆ ಒಂದ ಜಾಗಾದಾಗ ಜಂಗಿನ ಕಲಿ ಬಿದ್ದಾವು. ನಮ್ಮ ಸ್ಕ್ಯಾನರ್ ಕೆಟ್ಟೈತೋ ಏನೋ."

ಸ್ಕ್ಯಾನರು ಕೆಟ್ಟಿರಲಿಲ್ಲ, ಆ ತುಕ್ಕು ಕಾಗದದ್ದೇ.

ಇಲ್ಲಿಯ ಪದ್ಧತಿಯೆಂದರೆ, ಸಂಬಂಧ ಕುದುರಿದ ಮನೆಯವರು ಒಂದು ಪೊಟ್ಟಣ ಸಕ್ಕರೆಯನ್ನೋ, ಅನುಕೂಲಸ್ಥರಾದರೆ ಒಂದು ಡಬ್ಬಿ ಕುಂದಾವನ್ನೋ ತಂದು ಈ ಮೇಜಿನ ಮೇಲಿಡಬೇಕು. ಆಗ ಗುಮಾಸ್ತ ಕಡತದಿಂದ ಅವರ ಅರ್ಜಿ ತೆಗೆದು, ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯ ಗೆರೆ ಎಳೆಯಬೇಕು. ಸಕ್ಕರೆ ಬರದೆ ಗೆರೆಯಿಲ್ಲ. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೆ ಗುರುಪುತ್ರಪ್ಪನಿಗೆ ಬರೆದಿಟ್ಟ ನಿಯಮಗಳಿಗಿಂತ ಇದರ ಮೇಲೆ ಶ್ರದ್ಧೆ ಹೆಚ್ಚು. ಹೋದ ವರ್ಷ ಬಳಗದ ಹಿರಿಯರು ಎಲ್ಲ ಶಾಖೆಗಳ ಕಡತಗಳನ್ನು ಗೋಣಿಚೀಲದಲ್ಲಿ ತುಂಬಿಸಿ ಬೆಳಗಾವಿಗೆ ತರಿಸಿಕೊಂಡರು. ಗುತ್ತಿಗೆಯ ಹುಡುಗಿಯರು ಪ್ರತಿ ಹಾಳೆಯ ಚಿತ್ರ ತೆಗೆದರು. ಕೆಂಪು ಗೆರೆ ಇದ್ದುದನ್ನು ಬಿಟ್ಟರು, ಇಲ್ಲದ್ದನ್ನೆಲ್ಲ ಚಾಲ್ತಿಯೆಂದು ತುಂಬಿದರು. ಗೆರೆ ಕಾಣದ ಮನುಷ್ಯರಿಗೆಲ್ಲ ಯಂತ್ರ ತಾನೇ ವರ್ಷಕ್ಕೊಂದರಂತೆ ವಯಸ್ಸು ಕೂಡಿಸುತ್ತ ಹೋಯಿತು, ಕೂದಲಿಗೆ ಮಾತ್ರ ಕೈ ಹಚ್ಚಲಿಲ್ಲ. ಖಾಲಿ ಕಪಾಟಿನ ಮುಂದೆ ವಿನಯ ಈ ಕಂಪ್ಯೂಟರನ್ನು ತಂದಿಟ್ಟಾಗ ಗುರುಪುತ್ರಪ್ಪ ಅದರ ಬೆನ್ನು ಸವರಿ, ನಮ್ಮ ಮಂದಿಯೆಲ್ಲ ಇದರೊಳಗ ಕುಂತಾರೇನು ಅಂದಿದ್ದ. "ಇದರಾಗ ಯಾರೂ ಇಲ್ರಿ ಕಾಕಾ. ಇದು ಬರೇ ಕಿಡಕಿ. ಮಂದಿ ಎಲ್ಲೋ ದೂರ, ಯಾವುದೋ ಊರಿನ ದೊಡ್ಡ ಮಷೀನಿನ್ಯಾಗ ಅದಾರ. ನೀವು ಕಿಡಕಿ ಬಡಿದ್ರ ಅವರು ಬಂದು ಮುಖಾ ತೋರಸ್ತಾರ." ಆ ಮಾತು ಅವನಿಗೆ ಯಾಕೋ ಹಿಡಿಸಿತ್ತು. ತನ್ನೊಳಗೆ ಏನೂ ಇಟ್ಟುಕೊಳ್ಳದ, ತೋರಿಸಿ ಮತ್ತೆ ಬಯಲಾಗುವ ಒಂದು ವಸ್ತು. ಮೂವತ್ತೈದು ವರ್ಷ ಇನ್ನೊಬ್ಬರ ಹೆಣ್ಣು, ಇನ್ನೊಬ್ಬರ ಗಂಡು, ಇನ್ನೊಬ್ಬರ ಹಂದರ. ತಾನೂ ಅಂಥದೇ ಒಂದು ಕಿಟಕಿಯಲ್ಲವೇ ಎಂದು ತುಸು ಹೆಮ್ಮೆಯಿಂದ ದುಃಖಪಟ್ಟಿದ್ದ. ಆದರೆ ಅದು ಪೂರ್ತಿ ನಿಜವಾಗಿರಲಿಲ್ಲ. ಕಡತದ ತಳದಲ್ಲಿ ಅವನು ಎರಡು ಹಾಳೆ ಇಟ್ಟುಕೊಂಡಿದ್ದ. ಇಟ್ಟದ್ದು ಎಷ್ಟು ಹಳೆಯ ಮಾತೆಂದರೆ, ಗೋಣಿಚೀಲ ಹೊಲಿಯುವಾಗ ಅವು ಮನಸ್ಸಿನಲ್ಲಷ್ಟೇ ಅಲ್ಲ, ಕಡತದಲ್ಲೂ ಇವೆಯೆಂಬುದು ನೆನಪಿಗೇ ಬರಲಿಲ್ಲ.

ಇವತ್ತು ಬೆಳಿಗ್ಗೆ ಪೀರನವಾಡಿಯಲ್ಲಿ ಬಸ್ಸು ಹತ್ತಿದಾಗ, ಪಕ್ಕದಲ್ಲಿ ಕೂತ ಹೆಂಗಸಿನ ಬುಟ್ಟಿಯಿಂದ ಹಸಿ ಮೆಂತ್ಯದ ವಾಸನೆ ಬರುತ್ತಿದ್ದಾಗ, ಆ ಎರಡು ಹಾಳೆಗಳಲ್ಲಿ ಒಂದು, ಬಸವಣ್ಣೆವ್ವನದು, ಕಣ್ಣ ಮುಂದೆ ಪೂರ್ತಿಯಾಗಿ ಬಿಚ್ಚಿಕೊಂಡಿತು. ಅದಕ್ಕೆ ಯಾವ ಸಂಪರ್ಕವೂ ಬೇಕಾಗಲಿಲ್ಲ, ಪರದೆಯ ಮೇಲೆ ಕಾಯಿಸುವ ಚಕ್ರವೂ ತಿರುಗಲಿಲ್ಲ. ವಯಸ್ಸು ಇಪ್ಪತ್ತನಾಲ್ಕು. ವಿದ್ಯಾಭ್ಯಾಸ ಬಿ.ಎ. ಬಣ್ಣದ ಕಾಲಮ್ಮಿನಲ್ಲಿ ಎಲ್ಲರೂ ಗೋಧಿ ಬಣ್ಣವೆಂದು ಬರೆಯುವಲ್ಲಿ 'ಕಪ್ಪು' ಎಂದು ಬರೆದಿತ್ತು, ಬರೆದು ಕೆಳಗೊಂದು ಗೀಟು ಎಳೆದಿತ್ತು. ಹವ್ಯಾಸ: 'ಓದುವುದು. ಗಿಡ ಹತ್ತುವುದು (ಈಗ ಬಿಟ್ಟಿದ್ದೇನೆ).' ಆ ಕಂಸವೇ ಅವನನ್ನು ಕೆಡಿಸಿದ್ದು. ಅಷ್ಟು ಹೊತ್ತಿಗೆ ಅವನು ಐದಾರು ಹೊಸ ಕವಿತೆಯ ಪುಸ್ತಕಗಳನ್ನು ಬಾಯಿಪಾಠ ಮಾಡಿಕೊಂಡಿದ್ದ, ತನ್ನವೂ ಕೆಲವಿದ್ದವು. ಒಂದರಲ್ಲಿಯೂ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಎತ್ತರದ ಗಿಡ ಇರಲಿಲ್ಲ. ಆ ಅರ್ಜಿ ಬಂದ ದಿನ ಮಧ್ಯಾಹ್ನವೇ ಅವನು ತಾನೂ ಒಂದು ಅರ್ಜಿ ತುಂಬಿದ. ಎರಡನ್ನೂ ಎದುರುಬದುರಾಗಿ ಇಟ್ಟು, ಬಟ್ಟಲಿನಿಂದ ಒಂದು ಗುಂಡುಸೂಜಿ ಆರಿಸಿ, ಎಡಮೂಲೆಯಲ್ಲಿ ಚುಚ್ಚಿದ. ಸೋಮವಾರ ಬಳಗದ ಹಿರಿಯರ ಹತ್ತಿರ ಹೋಗಿ ಇಂಥ ಮನೆಗೆ ನನ್ನ ಪರವಾಗಿ ಒಂದು ಮಾತು ಹಾಕಿರೆಂದು ಕೇಳಬೇಕು. ಸೋಮವಾರ ಬಂತು. ಆಮೇಲೆ ಬಹಳ ಸೋಮವಾರಗಳು ಬಂದವು. ಸೂಜಿ ಚುಚ್ಚಿದ್ದರಲ್ಲಿಯೇ ಮದುವೆಯ ಮುಖ್ಯ ಭಾಗ ಮುಗಿದುಹೋದಂತೆ ಅವನ ಮನಸ್ಸು ತಣ್ಣಗಿತ್ತು. ಹೇಳುವುದೊಂದು ಒರಟು ಕೆಲಸ, ಎಂದಾದರೂ ಮಾಡಿದರಾಯಿತು. ಈ ನಡುವೆ ಗಂಡಿನ ಕಡೆಯವರು ಬಂದು ಪಾರಿಶ್ವಾಡದ ಕಡೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ಅವನು ಕಡತದ ಮೇಲಿನ ಹಾಳೆಗಳನ್ನು ಗಂಭೀರವಾಗಿ ಮಗುಚುತ್ತಿದ್ದ, ತಳ ಮುಟ್ಟುತ್ತಿರಲಿಲ್ಲ.

ಅವಳ ತಂದೆ ಈರಣ್ಣ ಮೂರು ಸಲ ಬಂದಿದ್ದರು. ಧೋತರ, ಕೋಟು, ರುಮಾಲು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ತನಕ ಮಾತಾಡದೆ ನಿಲ್ಲುವರು. ಆಮೇಲೆ, ತಪ್ಪು ತಮ್ಮದೇ ಎಂಬ ದನಿಯಲ್ಲಿ, "ಏನರ ಬಂದೈತೇನ್ರಿ, ನಮ್ಮ ಹುಡುಗಿದು?" "ಇನ್ನೂ ಇಲ್ರಿ. ನೋಡೂಣ್ರಿ." ಲೋಟದಲ್ಲಿ ನೀರು ಕೊಡುವುದು, ಅವರು ಕುಡಿಯುವುದು, ಇನ್ನೇನೋ ಇದೆಯೆಂಬಂತೆ ಒಂದು ಗಳಿಗೆ ಕೂರುವುದು. ಹೋಗುವಾಗ ಮಾತ್ರ ಬೇರೆ ಯಾರೂ ಮಾಡದ ಒಂದು ಕೆಲಸ ಮಾಡುತ್ತಿದ್ದರು. ಸೈಕಲ್ ಟ್ಯೂಬು ಎಳೆದು ಈ ಬಾಗಿಲು ಎಲ್ಲರ ಬೆನ್ನಿಗೂ ಫಟಾರನೆ ಬಡಿಯುತ್ತದೆ. ಈರಣ್ಣ ಅದನ್ನು ಹೊರಗಿನಿಂದ ಹಿಡಿದು, ಕೂಸು ಮಲಗಿದ ಮನೆಯಿಂದ ಹೊರಡುವವರಂತೆ, ಸದ್ದಿಲ್ಲದೆ ಚೌಕಟ್ಟಿಗೆ ಒಪ್ಪಿಸಿ ಹೋಗುತ್ತಿದ್ದರು. ಬಡಿಯದ ಆ ಬಾಗಿಲಿನ ಮೌನ ಗುರುಪುತ್ರಪ್ಪನ ಬೆನ್ನಹುರಿಯಲ್ಲಿ ಇಳಿಯುತ್ತಿತ್ತು. ನಾಲ್ಕನೆಯ ಸಲ ಅವರು ಬರಲಿಲ್ಲ. ಸಕ್ಕರೆಯೂ ಬರಲಿಲ್ಲ. ಸಕ್ಕರೆ ಬರಲಿಲ್ಲವೆಂದ ಮೇಲೆ ಮದುವೆಯಾಗಿಲ್ಲ. ಇದರಲ್ಲಿ ಅವನಿಗೆ ಸಂದೇಹವೇ ಇರಲಿಲ್ಲ. ಪಾರಿಶ್ವಾಡ ಎಷ್ಟು ದೂರ, ಯಾರನ್ನಾದರೂ ಕೇಳಬಹುದಿತ್ತು; ಕೇಳಲಿಲ್ಲ, ಕಡತ ಹೇಳುತ್ತಿತ್ತಲ್ಲ. ಮೂವತ್ತೆರಡು ವರ್ಷ ಅವಳು ಅವನ ಮನಸ್ಸಿನಲ್ಲಿ ಒಂದು ಕಿಟಕಿಯ ಬಳಿ ಕೂತೇ ಇದ್ದಳು, ಮೊದಲು ಕಪ್ಪು ಜಡೆಯಲ್ಲಿ, ಆಮೇಲೆ ನರೆಗೂದಲಲ್ಲಿ, ಒಬ್ಬ ಗುಮಾಸ್ತನ ಪುಕ್ಕಲುತನದಿಂದ ಬಾಳು ಕೆಟ್ಟ ಹೆಣ್ಣಾಗಿ. ಅವನ ಎಲ್ಲ ಕವಿತೆಗಳ ಹಿಂದೆ ಈ ಪಾಪ ಇತ್ತು. ಸಭೆಗಳಲ್ಲಿ ಯಾರಾದರೂ, ನಿಮ್ಮ ಬರವಣಿಗೆಯಲ್ಲಿ ಏನೋ ಒಂದು ಆಳದ ನೋವು ಇದೆಯೆಂದರೆ ಅವನು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದ.

ಕೊನೆಗೂ ಗುಂಡಿ ಒತ್ತಿದ. ಬಂದದ್ದು ಬರಲಿ, ಅವಳು ಬರುವ ಮೊದಲೇ ತನ್ನ ಅರ್ಜಿಯನ್ನಾದರೂ ತೆಗೆದುಬಿಡಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೆ ಇನ್ನೊಂದರ ಕಲೆ ಬರೀ ಕಲೆ. ಹೆಸರು, ಗುಪ್ತಪದ. ಚಕ್ರ ತಿರುಗಿತು. ಎಲ್ಲೋ ದೂರದ ಊರಿನಲ್ಲಿ, ಮೀಸೆ ಹೊತ್ತ ಇಪ್ಪತ್ತೊಂಬತ್ತರ ಯುವಕನೊಬ್ಬ ಎದ್ದು, ಅಂಗಿ ಸರಿಪಡಿಸಿಕೊಂಡು, ತಂತಿಗಳ ಮೇಲೆ ನಡೆದು ಬಂದು, ಪರದೆಯಲ್ಲಿ ನಿಂತ. ಇವನನ್ನು ನೋಡಿ ಗುರುತು ಹಿಡಿಯಲಿಲ್ಲ. 'ತೆಗೆದುಹಾಕು' ಎಂಬುದರ ಮೇಲೆ ಒತ್ತಿದರೆ ಯಂತ್ರ ಕಾರಣ ಕೇಳಿತು. ನಾಲ್ಕು ಕಾರಣಗಳನ್ನು ತಾನೇ ಕೊಟ್ಟು ಆರಿಸೆಂದಿತು. ವಿವಾಹ ನಿಶ್ಚಯ. ನಿಧನ. ಅರ್ಜಿದಾರರ ಕೋರಿಕೆ. ಸಿಬ್ಬಂದಿಯ ತಪ್ಪು. ಮೊದಲನೆಯದು ಸುಳ್ಳು, ಎರಡನೆಯದರ ಮೇಲೆ ಬಾಣ ಒಂದು ಗಳಿಗೆ ನಿಂತಿತು, ಆದರೆ ಅದನ್ನು ತಾನೇ ಒತ್ತುವುದು ಅಹಂಕಾರವೆನಿಸಿತು. ಕೋರಿಕೆಯೋ? ಯಾರ ಕೋರಿಕೆ? ಇಲ್ಲಿ ಕೂತವನದೋ, ಅಲ್ಲಿ ನಿಂತವನದೋ? ನಾಲ್ಕನೆಯದನ್ನು ಓದದವನಂತೆ ದಾಟಿದ. ತಂತಿಯನ್ನೇ ಕಿತ್ತುಬಿಟ್ಟರೆ ಹೇಗೆಂದು ಮೇಜಿನಡಿಗೆ ಬಗ್ಗಿಯೂ ನೋಡಿದ. ಕಿತ್ತರೆ ಮುಚ್ಚುವುದು ಕಿಟಕಿ ಅಷ್ಟೇ. ಅವರಿಬ್ಬರೂ ಅಲ್ಲಿ ಅಕ್ಕಪಕ್ಕ ಇದ್ದೇ ಇರುತ್ತಾರೆ, ಉಳಿದ ಹದಿನಾರು ಕಿಟಕಿಗಳಿಗೆ ಮುಖ ತೋರಿಸುತ್ತ. ಬಗ್ಗಿದವನ ಕಿವಿಗೆ ಮೆಟ್ಟಿಲ ಸದ್ದು ಬಿತ್ತು.

ಬಾಗಿಲು ತೆರೆದು ಬಂದವಳು ದಪ್ಪಗಿದ್ದಳು. ಇಳಕಲ್ ಸೀರೆ, ಹೆಗಲಿಗೆ ರೆಕ್ಸಿನ್ ಚೀಲ, ಕೈತುಂಬ ಹಸಿರು ಬಳೆ. ಮೇಜಿನಡಿಯಿಂದ ಏಳುತ್ತಿರುವ ಗುಮಾಸ್ತನನ್ನು ಅವಳು ಕುತೂಹಲದಿಂದ ನೋಡಿದಳು.

"ಏನರ ಕಳಕೊಂಡ್ರೇನ್ರಿ ಸಾಹೇಬ್ರ?"

"ಇಲ್ರಿ, ವಾಯರ್ ನೋಡಾಕ ಹತ್ತಿದ್ನಿ. ಬರ್ರಿ ಅಕ್ಕಾರ, ಕುಂದರ್ರಿ. ಮಗಂದೇನ್ರಿ, ಮಗಳದೋ?"

"ನನ್ನದ್ರಿ."

ಅವನ ಕಣ್ಣು, ಅವನ ಅನುಮತಿಯಿಲ್ಲದೆ, ಅವಳ ಕೊರಳ ತಾಳಿಗೆ ಹೋಗಿ, ಅಲ್ಲಿಂದ ಕಾಲುಂಗುರಕ್ಕೆ ಇಳಿದು, ಮತ್ತೆ ತಾಳಿಗೆ ಬಂತು.

"ನಿಮ್ಮದು... ಮದಿವಿ ಆಗೇತಲ್ರಿ?"

"ಮೂವತ್ತೊಂದು ವರ್ಷ ಆತ್ರಿ. ನಿಮ್ಮ ಡಬ್ಬಿಗೆ ಇನ್ನೂ ಸುದ್ದಿ ಮುಟ್ಟಿಲ್ಲ." ಅವಳು ಕುರ್ಚಿಯನ್ನು ಪರದೆ ಕಾಣುವ ಕಡೆ ಎಳೆದುಕೊಂಡು ಕೂತಳು. "ಬಸವಣ್ಣೆವ್ವ ಅಂತ ನನ್ನ ಹೆಸರು. ತವರುಮನಿ ಪಾರಿಶ್ವಾಡ. ಗುಂಜಿ ಊರಿನ ಅಂಚಿ ಕಚೇರಿ ನಾನ ನೋಡಕೋತೀನಿ. ನಮ್ಮವರು ಕೆಳಗ ಗಾಡಿ ಮ್ಯಾಲೆ ಕುಂತಾರ; ಅವರಿಗೆ ಇದು ದೊಡ್ಡ ಮಜಾ. ನಿನ್ನೆಯಿಂದ ಒಂದ ಮಾತು, ನಾನೂ ಒಂದು ಫಾರಂ ಹಾಕಲೇನು, ಆರಸ್ತೀಯೇನು ಅಂತ."

ಕೆಳಗಿನಿಂದ ಸ್ಕೂಟರಿನ ಹಾರನ್ನು ಎರಡು ಸಲ ಕೇಳಿಸಿತು, ಆ ಮಾತಿಗೆ ಹೌದೆನ್ನುವಂತೆ. ಗುರುಪುತ್ರಪ್ಪ ನಗಲು ಪ್ರಯತ್ನಿಸಿದ. ಮೂವತ್ತೆರಡು ವರ್ಷದಿಂದ ಕಿಟಕಿಯ ಬಳಿ ಕೂರಿಸಿಟ್ಟಿದ್ದ ಹೆಂಗಸು ಎದ್ದು ಹೋಗಿದ್ದಳು. ಇವತ್ತಲ್ಲ, ಅವನು ಅವಳಿಗಾಗಿ ಮೊದಲ ಕವಿತೆ ಬರೆಯುವ ಮುಂಚೆಯೇ ಎದ್ದು ಹೋಗಿ, ಗುಂಜಿಯಲ್ಲಿ ಸಂಸಾರ ಮಾಡಿ, ಕಾಗದಗಳಿಗೆ ಠಸ್ಸೆ ಹೊಡೆಯುತ್ತ ದಪ್ಪಗಾಗಿದ್ದಳು. ಎದೆಯಿಂದ ಒಂದು ಭಾರ ಇಳಿಯಬೇಕಿತ್ತು. ಇಳಿಯಿತು ಕೂಡ; ಇಳಿದ ಜಾಗದಲ್ಲಿ, ಜೇಬು ಕತ್ತರಿಸಿಕೊಂಡವನಿಗೆ ಆಗುವಂಥದೇನೋ ಆಯಿತು. ಯಂತ್ರವನ್ನು ನೋಡಿ ನಗುತ್ತಿದ್ದ, ಗೆರೆಯಿಲ್ಲದ್ದನ್ನೆಲ್ಲ ಚಾಲ್ತಿಯೆಂದು ನಂಬುವ ಕುರುಡು ಯಂತ್ರವೆಂದು. ಯಂತ್ರ ಒಂದು ವರ್ಷದಿಂದ ನಂಬಿತ್ತು. ತಾನು?

"ನಗೂ ಮಾತಲ್ರಿ," ಅವಳು ದನಿ ಇಳಿಸಿದಳು. "ನನ್ನ ಮಗಳು ಸಪ್ನಾಂದು ನಾಳೆ ನಿಶ್ಚಯ ಐತಿ. ಹುಡುಗ ಬೈಲಹೊಂಗಲದಾಂವ. ಅವರ ದೊಡ್ಡಪ್ಪ ನಿಮ್ಮ ಬೆಳಗಾವಿ ಆಫೀಸಿನ್ಯಾಗ ಇನ್ನೊಬ್ಬ ಹುಡುಗಗ ಕನ್ಯಾ ನೋಡಾಕ ಹೋಗ್ಯಾರ. ಪರದೆ ಮ್ಯಾಲೆ ನಾನು! ಐವತ್ತಾರು ವರ್ಷ, ಅವಿವಾಹಿತೆ. ಹುಡುಗಿ ತಾಯಿಗ ಮದಿವಿ ಆಗಿಲ್ಲಂದ್ರ ಹುಡುಗಿ ಎಲ್ಲಿಂದ ಬಂತು ಅಂತ ಕೇಳ್ಯಾರ. ಫೋಟೋ ತೋರಿಸಿದ್ವಿ, ಲಗ್ನಪತ್ರಿಕಾ ತೋರಿಸಿದ್ವಿ. ಹಿರೇರು ಒಂದ ಹಟ ಹಿಡದಾರ. ದಾಖಲಿ ಸುಳ್ಳು ಹೇಳೂದಿಲ್ಲ, ಅದ ಆಫೀಸಿನಿಂದ ತಪ್ಪಾಗೇತಿ ಅಂತ ಕಾಗದ ತರ್ರಿ, ಇಲ್ಲಾಂದ್ರ ನಿಶ್ಚಯ ಮುಂದಕ್ಕ ಹಾಕೂಣು ಅಂತಾರ. ಮುಂದಕ್ಕ ಹೋದದ್ದು ತಿರುಗಿ ಬರ್ತೈತೇನ್ರಿ? ನನ್ನ ಮಗಳು ನಿನ್ನೆಯಿಂದ ಉಂಡಿಲ್ಲ."

ಅವನು ಅವಳ ಹೆಸರು ಒತ್ತಿದ. ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಬಸ್ ನಿಲ್ದಾಣದಲ್ಲಿ ಕಂಡಕ್ಟರನೊಬ್ಬ ಬೆಳಗಾವಿ, ಬೆಳಗಾವಿ ಎಂದು ಕೂಗುತ್ತಿದ್ದ.

"ನನ್ನ ಕಡೆನೂ ಇಂಥಾದೊಂದು ಐತ್ರಿ," ಬಸವಣ್ಣೆವ್ವ ಚಕ್ರವನ್ನು ಹಳೆಯ ಪರಿಚಯದವಳಂತೆ ನೋಡಿದಳು. "ಅದು ತಿರಗೂ ಮುಂದ ಮಂದಿ ನನ್ನ ಮುಖಾ ನೋಡ್ತಾರ, ನಾನ ಒಳಗ ಕುಂತು ತಿರಗಸಾಕ ಹತ್ತೀನೇನೋ ಅನ್ನೂ ಹಂಗ."

ಅವಳು ಬಂದಳು, ಪರದೆಯ ಮೇಲಿನವಳು. ಕಪ್ಪು ಜಡೆ, ಫೋಟೋ ತೆಗೆದವನ ಮೇಲೆ ಸಿಟ್ಟಾದಂಥ ಹುಬ್ಬು. ಕುರ್ಚಿಯ ಮೇಲಿದ್ದವಳು ಚೀಲದಿಂದ ಚಾಳೀಸು ತೆಗೆದು ಹಾಕಿಕೊಂಡು, ಪರದೆಯ ಹತ್ತಿರಕ್ಕೆ ಬಗ್ಗಿದಳು. ಆಮೇಲೆ ತನ್ನ ಬರಹ ಓದಿ ಮೆಲ್ಲಗೆ ನಕ್ಕಳು. "ಗಿಡ ಹತ್ತೂದು ಬಿಟ್ಟೀನಿ ಅಂತ ಸುಳ್ಳ ಬರದೀನಿ ನೋಡ್ರಿ. ಅಪ್ಪ ಬಾಜು ಕುಂತಿದ್ದ, ಅದಕ್ಕ. ಮೊನ್ನೆ ಹುಣಸಿಹಣ್ಣಿಗೆ ಹತ್ತೀನಿ." ಬೆರಳು ಹಾಳೆಯ ಎಡಮೂಲೆಗೆ ಹೋಗಿ ನಿಂತಿತು. "ಇದೇನ್ರಿ ಕೆಂಪಗ?"

"ಸೂಜಿ ಜಂಗ್ ರೀ. ಹಳೇ ಕಾಗದಲ್ಲ."

"ಒಂದ ಹಾಳಿಗೆ ಸೂಜಿ ಯಾಕ ಚುಚ್ತಾರ್ರಿ? ಮುಂದಿನ ಪಾನಾ ತೋರಸ್ರಿ."

"ಅದು ಬ್ಯಾರೆದವರದ್ರಿ."

"ತೋರಸ್ರಿ."

ಕಾಗದ ಪತ್ರಗಳ ನಡುವೆ ಬಾಳಿದವಳ ದನಿ ಅದು. ಅದರೆದುರು ಸುಳ್ಳು ಬಹಳ ಹೊತ್ತು ನಿಲ್ಲುವುದಿಲ್ಲ. ಅವನು ತೋರಿಸಿದ. ಮೀಸೆಯವನು ಬಂದ. ಅದೇ ಮೂಲೆ, ಅದೇ ಅಳತೆ, ಎರಡು ತೂತು, ನಡುವೆ ಸೂಜಿಯ ಉದ್ದದ ಕಂದು ಗೆರೆ. ಅವಳು ಹೆಸರು ಓದಿದಳು, ಅಪೇಕ್ಷೆಯ ಕಾಲಮ್ಮು ಓದಿದಳು, ತಿರುಗಿ ಮೇಜಿನ ಮೇಲಿದ್ದ ಗಾಜಿನ ಬಟ್ಟಲನ್ನು ನೋಡಿದಳು, ಆಮೇಲೆ ಅವನ ಬೋಳುತಲೆಯನ್ನು. ಅವನು ತನ್ನ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಮೇಷ್ಟರ ಮುಂದಿನ ಹುಡುಗನಂತೆ ಕೂತಿದ್ದ. ಎಷ್ಟೋ ಸಲ ಈ ಗಳಿಗೆಯನ್ನು ಕಲ್ಪಿಸಿಕೊಂಡಿದ್ದನಲ್ಲ. ಆ ಕಲ್ಪನೆಯಲ್ಲಿ ಅವಳು ಅಳುತ್ತಿದ್ದಳು, ಅವನ ಬಾಯಲ್ಲಿ ಒಳ್ಳೊಳ್ಳೆಯ ವಾಕ್ಯಗಳಿದ್ದವು.

"ಮೊದಲ ನನ್ನ ಕೆಲಸ ಮಾಡ್ರಿ," ಅಂದಳು ಬಸವಣ್ಣೆವ್ವ.

ಅವನು ನಾಲ್ಕನೆಯ ಕಾರಣವನ್ನು ಆರಿಸಿದ. ಹಾಗೆ ಆರಿಸಿದರೆ ಷರಾ ಬರೆಯಲೇಬೇಕೆಂದು ಯಂತ್ರ ಒಂದು ಖಾಲಿ ಚೌಕ ತೆರೆಯಿತು. ಅವನು ಎರಡು ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, ಬರೆದ: 'ಕಚೇರಿಯ ಕಣ್ತಪ್ಪಿನಿಂದಾಗಿ ಸದರಿ ಅರ್ಜಿಯು ರದ್ದಾಗದೆ ಉಳಿದಿರುತ್ತದೆ.'

ಅವಳು ಅವನ ಹೆಗಲ ಮೇಲಿಂದ ಓದಿದಳು. "ಕಣ್ತಪ್ಪು ಅಂದ್ರ ಯಾರ ಕಣ್ಣರೀ?"

"ಹಂಗ ಬರಿಯೂದು ರೂಢಿ ಐತ್ರಿ ಅಕ್ಕಾರ."

"ಬೈಲಹೊಂಗಲದ ಹಿರೇರೂ ಇದನ್ನ ಕೇಳ್ತಾರ. ಯಾರ ಕಣ್ಣು, ಯಾಕ ತಪ್ಪಿತು ಅಂತ. ಕಾಗದದಾಗ ತೂತು ಇದ್ರ ಮಂದಿ ಅದರಾಗ ಬೆರಳ ಹಾಕ್ತಾರ. ನನ್ನ ಮಗಳ ಮ್ಯಾಲೆ ಒಂದು ಮಾತು ಉಳೀಬಾರದು."

ಅವನಿಗೆ ತಿಳಿದಿತ್ತು: ಒಮ್ಮೆ ಕಳಿಸಿದ ಷರಾವನ್ನು ತೆಗೆಯಲು ಯಾವ ಶಾಖೆಯಿಂದಲೂ ಬರುವುದಿಲ್ಲ. ಮನುಷ್ಯರು ರದ್ದಾಗುತ್ತಾರೆ, ಷರಾ ಉಳಿಯುತ್ತದೆ. ವಿನಯ ಓದುತ್ತಾನೆ, ಹಿರಿಯರು ಓದುತ್ತಾರೆ, ಅವನ ಆಳದ ನೋವನ್ನು ಮೆಚ್ಚಿಕೊಂಡ ಸಭೆಯವರ ಮಕ್ಕಳು ಸಂಬಂಧ ಹುಡುಕಲು ಬಂದಾಗ ಓದುತ್ತಾರೆ. ಮೇಜಿನ ಮೇಲಿನ ಬಿಸಿಲು ಈಗ ಅವನ ಬೆರಳುಗಳವರೆಗೆ ಬಂದಿತ್ತು. ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಆಮೇಲೆ, ಇಡೀ ಬಾಳಿನಲ್ಲಿ ಒಂದೂ ಉಪಮೆಯಿಲ್ಲದ ಮೊದಲ ಬರಹ ಬರೆದ: 'ಈ ಅರ್ಜಿ ೧೯೯೩ರಲ್ಲಿ ಬಂದಾಗ ಗುಮಾಸ್ತನಾದ ನಾನು, ಗುರುಪುತ್ರಪ್ಪ, ಇದನ್ನು ನನ್ನ ಅರ್ಜಿಯೊಂದಿಗೆ ಸೂಜಿಯಿಂದ ಚುಚ್ಚಿ ಕಡತದ ತಳದಲ್ಲಿ ಇಟ್ಟುಕೊಂಡೆ. ನನಗೆ ಆಸೆ ಇತ್ತು, ಕೇಳುವ ಧೈರ್ಯ ಇರಲಿಲ್ಲ. ಬೇರೆ ಯಾರಿಗೂ ತೋರಿಸಲಿಲ್ಲ. ವಿಚಾರಿಸಲು ಬಂದ ತಂದೆಗೆ ಮೂರು ಸಲ ಸುಳ್ಳು ಹೇಳಿದೆ. ಅರ್ಜಿದಾರರಿಗೆ ಮರುವರ್ಷವೇ ಮದುವೆಯಾಗಿದೆ. ಅವರದು ಏನೂ ತಪ್ಪಿಲ್ಲ.'

ಒತ್ತಿದ. ಚಕ್ರ ತಿರುಗಿತು. ಇನ್ನೂ ಹೋಗಿಲ್ಲವೇನೋ, ಹಿಂದಕ್ಕೆ ಕರೆಯಬಹುದೇನೋ ಎಂದು ಒಂದು ಕೈ ತಾನಾಗಿ ತಂತಿಯ ಕಡೆ ಸರಿಯಿತು. ಇನ್ನೊಂದು ಕೈ ಅದರ ಮೇಲೆ ಕೂತಿತು. ಚಕ್ರ ನಿಂತಿತು. ಜಡೆಯ ಹುಡುಗಿ ಪರದೆಯಿಂದ ಹೋದಳು, ಹೇಳದೆ, ತಿರುಗಿ ನೋಡದೆ. ಮೂಲೆಯ ಮುದ್ರಣಯಂತ್ರ ಕೆಮ್ಮಿ ಕೆಮ್ಮಿ ಒಂದು ಹಾಳೆಯನ್ನು ಹೊರಗೆ ಹಾಕಿತು: ದಾಖಲೆ ರದ್ದು, ತಾರೀಖು, ವೇಳೆ, ಕೆಳಗೆ ಷರಾ ಪೂರ್ತಿ. ಅವನು ಸಹಿ ಮಾಡಿ ಮುದ್ರೆ ಒತ್ತಿದ. ಮುದ್ರೆ ಓರೆಯಾಗಿ ಬಿತ್ತು; ಅವಳು ಅವನ ಕೈಯಿಂದ ಮುದ್ರೆ ತೆಗೆದುಕೊಂಡು, ಪಕ್ಕದಲ್ಲಿ, ಪಳಗಿದ ಕೈಯಿಂದ, ನೆಟ್ಟಗೆ ಇನ್ನೊಂದು ಒತ್ತಿದಳು.

ನಿಂತೇ ಎರಡು ಸಲ ಓದಿದಳು. ಎರಡನೆಯ ಸಲ ತುಟಿ ಅಲುಗುತ್ತಿತ್ತು.

"ಇದನ್ನ ಹಿರೇರು ಓದ್ಲಿ. ಚೊಲೋ ಆತು. ಈ ವಯಸ್ಸಿನ್ಯಾಗ ನನ್ನ ಬೆಲಿ ಏರ್ತು." ಹಾಳೆಯನ್ನು ಮಡಚಿ ಚೀಲದಲ್ಲಿಟ್ಟಳು. "ಆದ್ರ ಒಂದು ಮಾತು ಬರೋಬ್ಬರಿ ಇಲ್ಲ. ಸುಳ್ಳು ಹೇಳಿದೆ ಅಂತ ಬರದೀರಿ. ಅಪ್ಪಗ ಗೊತ್ತಿತ್ರಿ."

"ಏನು?"

"ಎಲ್ಲಾ. ನನ್ನ ಮದಿವಿ ಆದ ಮ್ಯಾಲೆ ನಕ್ಕೋತ ಹೇಳಿದ. ಆ ಹುಡುಗ ನೀರು ಕೊಡೂ ಮುಂದ ಲೋಟಾ ನಡಗತಿತ್ತವ್ವಾ, ಕಡತದ ತಳಕ್ಕ ಕಣ್ಣು ಓಡತಿತ್ತು. ಕೆಟ್ಟಾಂವ ಅಲ್ಲ. ಬಾಯಿ ಬಿಡ್ತಾನೇನೋ ಅಂತ ಮೂರು ಸಲ ಹೋದೆ. ಬಾಗಲಾ ಸುದ್ದಾ ಸಾವಕಾಶ ಹಾಕಿದೆ, ಹಿಂದಿಂದ ಕರದ್ರ ಕೇಳ್ಲಿ ಅಂತ. ನಾಕನೇ ಸಲ ಹೋಗೂದು ಹೆಣ್ಣಿನ ಅಪ್ಪಗ ಮರ್ಯಾದಿ ಅಲ್ಲ ಅಂದ. ನಿಮಗ ಸಕ್ರಿ ಕೊಡಬ್ಯಾಡ ಅಂದಾಂವನೂ ಅವನ. ಒಂದು ಮಾತು ಆಡಲಾರದಾಂವಗ ಎಂಥಾ ಸಕ್ರಿ, ಅಂದ."

ಗುರುಪುತ್ರಪ್ಪ ಬಾಗಿಲನ್ನು ನೋಡಿದ. ಬಡಿಯದ ಆ ಮೂರು ಬಾಗಿಲುಗಳು. ಅದು ದೈನ್ಯವೆಂದುಕೊಂಡು ಅವನು ಅಷ್ಟು ವರ್ಷ ಮರುಗಿದ್ದ; ಬಾಗಿಲಿನ ಆಚೆ ಮುದುಕ, ಟ್ಯೂಬಿನ ಸೆಳೆತಕ್ಕೆ ಎದುರಾಗಿ ಕದ ಹಿಡಿದುಕೊಂಡು, ಕಿವಿ ಕೊಟ್ಟು ನಿಂತಿದ್ದ. ಲೋಟದ ತಟ್ಟೆಯ ಮೇಲೆ ಬಿಸಿಲು ಬಿದ್ದು ಅವನ ಕಣ್ಣಿಗೆ ಹೊಳೆಯಿತು. ಕೆಳಗಿನಿಂದ ಹಾರನ್ನು, ಈ ಸಲ ಮೂರು.

"ಬಂದೆ ಬಂದೆ," ಅವಳು ಕಿಟಕಿಯ ಕಡೆ ತಿರುಗಿ ಅಂದಳು, ಅಲ್ಲಿಗೆ ಕೇಳಿಸದ ದನಿಯಲ್ಲಿ. ಚೀಲ ಹೆಗಲಿಗೇರಿಸಿ, ಪರದೆಯ ಮೇಲೆ ಈಗ ಒಬ್ಬನೇ ಉಳಿದಿದ್ದ ಮೀಸೆಯವನತ್ತ ಗಲ್ಲ ಎತ್ತಿದಳು. "ಇವನ್ನ ಏನ ಮಾಡ್ತೀರಿ? ಪಾಪ, ಇನ್ನೂ ನಿಂತಾನಲ್ಲ."

"ತಗೀಬೇಕ್ರಿ. ಆದ್ರ ಕಾರಣ ಕೇಳ್ತೈತಿ. ಯಾವುದನ್ನ ಆರಸೂದೋ ತಿಳೀವಲ್ದು."

ಬಸವಣ್ಣೆವ್ವ ಚಾಳೀಸನ್ನು ಮತ್ತೆ ಮೂಗಿಗೇರಿಸಿ ನಾಲ್ಕನ್ನೂ ಓದಿದಳು, ಮೇಲಿನಿಂದ ಕೆಳಗೆ, ಆತುರವಿಲ್ಲದೆ, ವಿಳಾಸ ಸರಿಯಿಲ್ಲದ ಕಾಗದವೊಂದನ್ನು ಯಾವ ಓಣಿಗೆ ಕಳಿಸಬೇಕೆಂದು ಯೋಚಿಸುವಂತೆ.

"ಸಿಬ್ಬಂದಿ ತಪ್ಪು ಅಂತನ ಹಾಕ್ರಿ," ಅಂದಳು. "ಬರ್ತೀನ್ರಿ ಅಣ್ಣಾರ."

ಅವಳು ಹೊರಗೆ ಹೋದಳು. ಕದ ಹಿಡಿಯಲಿಲ್ಲ. ಟ್ಯೂಬು ಸೆಟೆದು ಎಳೆಯಿತು, ಮೇಜಿನ ಮೇಲೆ ಗುಂಡುಸೂಜಿಗಳೆಲ್ಲ ಬಟ್ಟಲಿನಲ್ಲಿ ಒಮ್ಮೆಲೇ ಜಿಗಿದು ಕೂತವು, ಬಾಗಿಲು ಫಟಾರನೆ ಮುಚ್ಚಿತು.